ಎರವಲು ತಂದ ಆಕಾಶ

ಹೊಸ ವರ್ಷದ ಕ್ಯಾಲೆಂಡರು ಮನೆಗೆ ಬಂದೊಡನೆ ಗೃಹಿಣಿಯು ಹಬ್ಬಹರಿದಿನಗಳ ಮೇಲೆ ಕಣ್ಣಾಡಿಸುತ್ತಾಳೆ, ಮಕ್ಕಳು ರಜೆಯ ಕೆಂಪಂಕಿಗಳನ್ನು ಎಣಿಸುತ್ತಾರೆ, ಯಜಮಾನನು ಚಿತ್ರವನ್ನು ನೋಡುತ್ತಾನೆ. ಹಿಮ ಹೊದ್ದ ಪರ್ವತ, ಅದರ ಪಾದದಲ್ಲಿ ನಿಶ್ಚಲವಾದ ಸರೋವರ, ಮೇಲೆ ಹೊತ್ತಿ ಉರಿಯುವಂತಹ ಸಂಜೆಯ ಮೋಡ. ಬಂದವರೆಲ್ಲ ‘ಆಹಾ, ಎಂತಹ ದೃಶ್ಯ!’ ಎನ್ನುತ್ತಾರೆ. ಆದರೆ ಮೊಳೆಗೆ ತೂಗುಹಾಕಿದ ಆ ಚಿತ್ರವನ್ನು ದಿನವೂ ನೋಡುವವನಿಗೆ, ಫೆಬ್ರವರಿ ತಿಂಗಳು ಮುಗಿಯುವ ಹೊತ್ತಿಗೆ, ಏನೋ ಒಂದು ಸಂಶಯ ತಲೆಯೆತ್ತುತ್ತದೆ. ಸೂರ್ಯನು ಎಡಗಡೆ ಮುಳುಗುತ್ತಿದ್ದಾನೆ. ಬಿಸಿಲು ಮಾತ್ರ ಬೆಟ್ಟದ ಬಲಮಗ್ಗುಲಿಗೆ ಬಿದ್ದಿದೆ. ಮೋಡವೆಲ್ಲ ಕೆಂಪು, ಅದರ ಕೆಳಗಿನ ನೀರು ನಡುಹಗಲಿನ ನೀಲಿ. ಆ ಬೆಟ್ಟಕ್ಕೂ ಆ ಮುಗಿಲಿಗೂ ಎಂದೂ ಮುಖಪರಿಚಯವೇ ಇರಲಿಲ್ಲ! ಆಕಾಶವನ್ನು ಬೇರೆಲ್ಲಿಂದಲೋ ಎರವಲು ತಂದು ಬೆಟ್ಟದ ನೆತ್ತಿಗೆ ಕಟ್ಟಿದ್ದಾರೆ.

ಗಣಕಯಂತ್ರ ಬಂದ ಮೇಲೆ ಹುಟ್ಟಿಕೊಂಡ ಕಪಟ ಇದೆಂದು ಅನೇಕರು ಭಾವಿಸಿದ್ದಾರೆ. ಆ ಯಂತ್ರದ ಮೇಲೆ ಇರುವ ಅಪವಾದಗಳು ಈಗಾಗಲೇ ಸಾಕಷ್ಟಿವೆ. ಇದೊಂದನ್ನು ಅದಕ್ಕೆ ಹೊರಿಸಬೇಕಾಗಿಲ್ಲ. ಛಾಯಾಚಿತ್ರಕಲೆಯು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ಆಕಾಶವನ್ನು ಕಡ ತರುವ ವ್ಯವಹಾರವು ಆರಂಭವಾಗಿತ್ತು. ಅದಕ್ಕೆ ಕಾರಣ ಕಪಟವಲ್ಲ, ರಸಾಯನಶಾಸ್ತ್ರ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಛಾಯಾಗ್ರಾಹಕರು ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಫಲಕದ ಮೇಲೆ ಹುಯ್ದು, ಬೆಳ್ಳಿಯ ಲವಣದಲ್ಲಿ ಅದ್ದಿ, ಅದು ಒಣಗುವುದಕ್ಕೆ ಮೊದಲೇ ಚಿತ್ರ ತೆಗೆಯಬೇಕಾಗಿತ್ತು. ಈ ಫಲಕಕ್ಕೆ ಒಂದು ವಿಚಿತ್ರವಾದ ದೃಷ್ಟಿದೋಷವಿತ್ತು. ನೀಲಿ ಬಣ್ಣವನ್ನು ಅದು ಅತಿಯಾಗಿ ಕಾಣುತ್ತಿತ್ತು. ಹಸಿರನ್ನೂ ಕೆಂಪನ್ನೂ ಬಹುಮಟ್ಟಿಗೆ ಕಾಣುತ್ತಲೇ ಇರಲಿಲ್ಲ. ಗಿಡಮರಗಳು ಸ್ಪಷ್ಟವಾಗಿ ಮೂಡುವಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶವು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿಬಿಡುತ್ತಿತ್ತು. ಮೋಡಗಳು ಉಳಿಯುವಂತೆ ಬೇಗನೆ ಮುಚ್ಚಿದರೆ ನೆಲವೆಲ್ಲ ಮಸಿ. ಮುಗಿಲು ಬೇಕೋ ನೆಲ ಬೇಕೋ ಎಂದು ಆರಿಸಿಕೊಳ್ಳುವ ಸಂಕಟ ಛಾಯಾಗ್ರಾಹಕನದು. ಬಹುಮಂದಿ ನೆಲವನ್ನೇ ಆರಿಸಿಕೊಂಡು, ಕಲೆ ಬಿದ್ದ ಆಕಾಶವನ್ನು ನೆಗೆಟಿವ್ವಿನ ಮೇಲೆ ಕಪ್ಪು ಬಣ್ಣ ಬಳಿದು ಮರೆಮಾಡುತ್ತಿದ್ದರು. ಆ ಕಾಲದ ಎಷ್ಟೋ ಚಿತ್ರಗಳಲ್ಲಿ ಕೋಟೆಕೊತ್ತಲಗಳು ಹಾಳೆಯಷ್ಟು ಬಿಳಿಯಾದ ಶೂನ್ಯಕ್ಕೆ ಒರಗಿ ನಿಂತಿರುವುದು ಇದರಿಂದಲೇ. ಮೋಡಕ್ಕೆಂದೇ ಬೇರೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಬಹುದೆಂಬ ಉಪಾಯವನ್ನು 1850ರ ದಶಕದ ಆರಂಭದಲ್ಲಿ ಸೂಚಿಸಿದವನು ಹಿಪೋಲಿಟ್ ಬಯಾರ್ ಎಂಬ ಫ್ರೆಂಚನು. ಉಪಾಯವನ್ನು ಕಲೆಯ ಎತ್ತರಕ್ಕೆ ಏರಿಸಿದವನು ಅವನ ದೇಶದವನೇ ಆದ ಗುಸ್ತಾವ್ ಲ ಗ್ರೇ.

ಲ ಗ್ರೇ 1820ರಲ್ಲಿ ಹುಟ್ಟಿದವನು. ಮೊದಲು ಚಿತ್ರಕಾರನಾಗಲು ಹೊರಟು ಆಮೇಲೆ ಕ್ಯಾಮರಾ ಹಿಡಿದವನು. 1856ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ನಾರ್ಮಂಡಿಯ ತೀರದಲ್ಲಿಯೂ ಮೆಡಿಟರೇನಿಯನ್ ಸಮುದ್ರದ ಸೇತ್ ಎಂಬ ಬಂದರಿನಲ್ಲಿಯೂ ಆತನು ತೆಗೆದ ಕಡಲ ಚಿತ್ರಗಳನ್ನು ಕಂಡು ಪ್ಯಾರಿಸ್ಸೂ ಲಂಡನ್ನೂ ಬೆರಗಾದುವು. ತೆರೆ ಒಡೆಯುತ್ತಿರುವುದೂ ಕಾಣುತ್ತದೆ, ಮೋಡದ ಅಂಚು ಬೆಳಗುತ್ತಿರುವುದೂ ಕಾಣುತ್ತದೆ! ಇದು ಹೇಗೆ ಸಾಧ್ಯವೆಂದು ಸಹೋದ್ಯೋಗಿಗಳು ತಲೆ ಕೆರೆದುಕೊಂಡರು. ಒಂಟಿ ಹಡಗಿನ ಅವನ ಒಂದು ಚಿತ್ರವನ್ನು ಜನ ಬೆಳದಿಂಗಳಿನದೆಂದು ನಂಬಿದರು. ಅದು ಹಗಲಿನಲ್ಲಿ ಒಂದೇ ನೆಗೆಟಿವ್ವಿನಿಂದ ತೆಗೆದು ಕಪ್ಪಾಗಿ ಮುದ್ರಿಸಿದ ಚಿತ್ರ. ಕಡಲು ತಾನೇ ಹೊಳೆಯುವುದರಿಂದ ಕ್ಷಣಮಾತ್ರದ ಬೆಳಕೇ ಅಲ್ಲಿ ಸಾಕಾಗಿತ್ತು. ಆದರೆ 1857ರ ‘ಸೇತ್‌ನ ಮಹಾತರಂಗ’ ಅಂತಹುದಲ್ಲ. ಅದರಲ್ಲಿ ಎರಡು ನೆಗೆಟಿವ್‌ಗಳಿವೆ: ಒಂದು ನೀರಿನದು, ಒಂದು ಮುಗಿಲಿನದು.

ಆ ಕೆಲಸದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಂದು ಚಿತ್ರವನ್ನು ಹಿಗ್ಗಿಸುವ ಸೌಲಭ್ಯ ರೂಢಿಯಲ್ಲಿರಲಿಲ್ಲ. ಚಿತ್ರವೆಷ್ಟು ದೊಡ್ಡದೋ ಗಾಜಿನ ಫಲಕವೂ ಅಷ್ಟೇ ದೊಡ್ಡದು. ಲ ಗ್ರೇಯ ಚಿತ್ರಗಳು ಸುಮಾರು 12 ಅಂಗುಲ ಎತ್ತರ, 16 ಅಂಗುಲ ಅಗಲ. ಅಷ್ಟಗಲದ ಗಾಜಿನ ಫಲಕವನ್ನು ಮುದ್ರಣದ ಕಾಗದದ ಮೇಲಿಟ್ಟು, ಆಕಾಶದ ಭಾಗವನ್ನು ಮರೆಮಾಡಿ ಬಿಸಿಲಿಗೆ ಒಡ್ಡಿದರೆ ಸಮುದ್ರವು ಮೂಡುತ್ತದೆ. ಬಳಿಕ ಆ ಫಲಕವನ್ನು ತೆಗೆದು ಮೋಡದ ಫಲಕವನ್ನಿಟ್ಟು, ಈ ಸಲ ಸಮುದ್ರವನ್ನು ಮರೆಮಾಡಿ ಮತ್ತೆ ಬಿಸಿಲಿಗೆ ಒಡ್ಡಬೇಕು. ಎರಡೂ ಸಂಧಿಸುವ ಗೆರೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಬಿಳಿಯದೋ ಕರಿಯದೋ ಒಂದು ಪಟ್ಟಿ ಮೂಡಿ ಗುಟ್ಟು ರಟ್ಟಾಗುತ್ತದೆ. ಆತನು ಕಡಲನ್ನೇ ಏಕೆ ಆರಿಸಿಕೊಂಡನೆಂಬುದಕ್ಕೆ ಉತ್ತರ ಇಲ್ಲಿಯೂ ದೊರೆಯುತ್ತದೆ. ಕಡಲಿಗೂ ಬಾನಿಗೂ ನಡುವೆ ಪ್ರಕೃತಿಯೇ ಎಳೆದಿಟ್ಟ ನೇರವಾದ ಗೆರೆಯಿದೆ. ಬೆಸುಗೆ ಹಾಕುವವನಿಗೆ ಅದಕ್ಕಿಂತ ಅನುಕೂಲವಾದುದು ಯಾವುದು? ಮರದ ಕೊಂಬೆಗಳ ಸಂದಿಯಲ್ಲಿ ಮೋಡವನ್ನು ತುರುಕುವುದು ಅಷ್ಟು ಸುಲಭವಲ್ಲ.

ಒಳ್ಳೆಯ ಮೋಡವೊಂದು ಕೈಗೆ ಸಿಕ್ಕಿದರೆ ಅದನ್ನು ಒಂದೇ ಬಾರಿ ಬಳಸಿ ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಲ ಗ್ರೇಗೂ ಬರಲಿಲ್ಲ. ಅವನ ಬೇರೆ ಬೇರೆ ಕಡಲುಗಳ ಮೇಲೆ ಒಂದೇ ಮುಗಿಲು ತೇಲುತ್ತಿರುವುದನ್ನು ಇಂದಿನ ವಿದ್ವಾಂಸರು ಗುರುತಿಸಿದ್ದಾರೆ. ಇಷ್ಟೆಲ್ಲ ಕೀರ್ತಿ ಬಂದರೂ ಅವನ ವ್ಯಾಪಾರವು ನೆಲಕಚ್ಚಿತು. 1860ರಲ್ಲಿ ಹೆಂಡತಿಮಕ್ಕಳನ್ನು ಪ್ಯಾರಿಸ್ಸಿನಲ್ಲಿ ಬಿಟ್ಟು, ಕಾದಂಬರಿಕಾರ ಅಲೆಕ್ಸಾಂಡರ್ ಡೂಮಾನ ನೌಕೆಯಲ್ಲಿ ಹೊರಟವನು ಮತ್ತೆ ಹಿಂದಿರುಗಲಿಲ್ಲ. ದಾರಿಯಲ್ಲಿ ಡೂಮಾನೊಡನೆ ಮನಸ್ತಾಪವಾಗಿ, ಕಡೆಗೆ ಕೈರೋ ನಗರದಲ್ಲಿ ಚಿತ್ರಕಲೆಯ ಪಾಠ ಹೇಳಿಕೊಂಡಿದ್ದು 1884ರಲ್ಲಿ ತೀರಿಕೊಂಡನು. ಆ ಮಹಾತರಂಗದ ಒಂದು ಪ್ರತಿಯು 1999ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡುಗಳಿಗೂ ಮಿಕ್ಕಿದ ಬೆಲೆಗೆ ಹೋಗಿ, ಅಂದಿನ ಮಟ್ಟಿಗೆ ಛಾಯಾಚಿತ್ರವೊಂದಕ್ಕೆ ದೊರೆತ ಅತ್ಯಧಿಕ ಬೆಲೆಯೆನಿಸಿತು.

ಲ ಗ್ರೇ ಆಕಾಶವನ್ನು ಬೆಸೆಯುತ್ತಿದ್ದ ಕಾಲದಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ಇನ್ನೊಬ್ಬನು ಆಕಾಶವನ್ನು ಕುಂಚದಿಂದ ಬರೆಯುತ್ತಿದ್ದನು. ಆತನೇ ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್. 1854ರ ಕೊನೆಯಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳನ್ನು ಚಿತ್ರಿಸಿದ ಈತನನ್ನು ಮರುವರ್ಷ ಬರ್ಮಾ ದೇಶಕ್ಕೆ ಹೊರಟ ರಾಯಭಾರದೊಡನೆ ಕಳುಹಿಸಲಾಯಿತು. ಅಲ್ಲಿಂದ ತಂದ ಕಾಗದದ ನೆಗೆಟಿವ್‌ಗಳನ್ನು ಬೆಂಗಳೂರಿನಲ್ಲಿ ಮುದ್ರಿಸುವಾಗ ಅವನಿಗೂ ಅದೇ ಬೋಳು ಬಾನಿನ ಕಾಟ. ನೆಗೆಟಿವ್ವಿನಲ್ಲಿ ಎಲ್ಲಿ ಬಣ್ಣ ಬಳಿದರೆ ಅಲ್ಲಿ ಬೆಳಕು ತಡೆದು ಪ್ರತಿಯಲ್ಲಿ ಬಿಳುಪು ಮೂಡುತ್ತದಷ್ಟೆ. ಈ ತಿಳುವಳಿಕೆಯಿಂದ ಆತನು ಪಗೋಡಗಳ ಹಿಂದೆ ತೆಳುವಾಗಿ ಬಣ್ಣ ಸವರಿ ಮೋಡಗಳನ್ನು ಹಬ್ಬಿಸಿದನು. ಸರ್ಕಾರಕ್ಕೆ ಬೇಕಾಗಿದ್ದುದು ಕಟ್ಟಡಗಳ ಯಥಾರ್ಥವಾದ ದಾಖಲೆ. ಕಟ್ಟಡವು ಯಥಾರ್ಥವಾಗಿಯೇ ಇತ್ತು. ಮೇಲಿನ ಮೋಡಗಳು ಮಾತ್ರ ಕ್ಯಾಪ್ಟನ್ ಸಾಹೇಬರ ಸ್ವಂತ ರಚನೆ. ಇದರಿಂದ ಯಾರಿಗೂ ನಷ್ಟವಾಗಲಿಲ್ಲವೆಂದೇ ಹೇಳಬೇಕು.

ಆಕಾಶದ ಕಥೆ ಹೀಗಾದರೆ, ಚಿತ್ರದ ಮುನ್ನೆಲೆಯ ಕಥೆ ಇನ್ನೊಂದು ಬಗೆಯದು. ಬಾನನ್ನು ಬದಲಾಯಿಸಲು ಕತ್ತಲೆಕೋಣೆ ಬೇಕು; ನೆಲವನ್ನು ಬದಲಾಯಿಸಲು ಎರಡು ಕೈಗಳಿದ್ದರೆ ಸಾಕು. 1855ರ ಏಪ್ರಿಲಿನಲ್ಲಿ, ಕ್ರಿಮಿಯಾ ಯುದ್ಧ ನಡೆಯುತ್ತಿದ್ದಾಗ, ರೋಜರ್ ಫೆಂಟನ್ ಎಂಬ ಆಂಗ್ಲ ಛಾಯಾಗ್ರಾಹಕನು ಸೆವಸ್ತೊಪೋಲಿನ ಬಳಿಯ ಬೋಳು ಕಣಿವೆಯೊಂದನ್ನು ಒಂದೇ ಜಾಗದಲ್ಲಿ ನಿಂತು ಎರಡು ಬಾರಿ ಚಿತ್ರಿಸಿದನು. ಒಂದರಲ್ಲಿ ಫಿರಂಗಿಯ ಗುಂಡುಗಳೆಲ್ಲ ದಾರಿಯ ಪಕ್ಕದ ಹಳ್ಳದಲ್ಲಿವೆ, ದಾರಿ ಖಾಲಿಯಾಗಿದೆ. ಇನ್ನೊಂದರಲ್ಲಿ ಗುಂಡುಗಳು ದಾರಿಯ ತುಂಬ ಚೆಲ್ಲಿಕೊಂಡಿವೆ. ‘ಸಾವಿನ ನೆರಳಿನ ಕಣಿವೆ’ ಎಂದು ಜಗತ್ತಿನಲ್ಲೆಲ್ಲ ಹೆಸರಾದುದು ಈ ಎರಡನೆಯ ಚಿತ್ರ. ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಆದರೂ ನೋಡಿದವರ ಎದೆ ಝಲ್ಲೆನ್ನುತ್ತದೆ.

ಗುಂಡುಗಳನ್ನು ದಾರಿಯ ಮೇಲೆ ತಂದು ಹರಡಿದರೋ, ಅಥವಾ ದಾರಿಯಲ್ಲಿದ್ದುದನ್ನು ಸೈನಿಕರು ಮತ್ತೆ ಬಳಸುವುದಕ್ಕಾಗಿ ಎತ್ತಿ ತೆಗೆದರೋ? ಯಾವ ಚಿತ್ರ ಮೊದಲಿನದು? ನೂರೈವತ್ತು ವರ್ಷ ಕಳೆದ ಮೇಲೆ, 2007ರಲ್ಲಿ, ಅಮೆರಿಕದ ಚಲನಚಿತ್ರಕಾರ ಎರೊಲ್ ಮಾರಿಸ್ ಎಂಬಾತನು ಈ ಪ್ರಶ್ನೆಯ ಬೆನ್ನುಹತ್ತಿ ಕ್ರಿಮಿಯಾದ ಆ ಕಣಿವೆಗೇ ಹೋಗಿಬಂದನು. ನೆರಳಿನ ದಿಕ್ಕನ್ನು ಅಳೆದದ್ದಾಯಿತು, ಪಂಡಿತರನ್ನು ಕೇಳಿದ್ದಾಯಿತು. ಒಬ್ಬೊಬ್ಬರದು ಒಂದೊಂದು ಮಾತು. ಕಡೆಗೆ ಸಾಕ್ಷ್ಯ ನುಡಿದುವು ಗುಂಡುಗಳಲ್ಲ, ಯಾರ ಕಣ್ಣಿಗೂ ಬೀಳದಿದ್ದ ಸಣ್ಣ ಸಣ್ಣ ಕಲ್ಲುಗಳು. ಇಳಿಜಾರಿನ ಮೇಲಿದ್ದ ಆ ಕಲ್ಲುಗಳು ಗುಂಡು ತುಂಬಿದ ಚಿತ್ರದಲ್ಲಿ ಸ್ವಲ್ಪ ಕೆಳಕ್ಕೆ ಜಾರಿವೆ. ಓಡಾಡಿದವರ ಕಾಲು ತಗುಲಿ ಕಲ್ಲು ಕೆಳಕ್ಕೆ ಉರುಳಬಹುದೇ ಹೊರತು ತಾನಾಗಿ ಮೇಲಕ್ಕೆ ಹತ್ತಲಾರದು. ಆದುದರಿಂದ ಖಾಲಿ ದಾರಿಯೇ ಮೊದಲಿನದು, ಗುಂಡುಗಳು ಬಳಿಕ ಬಂದುವು ಎಂಬುದು ಇತ್ಯರ್ಥವಾಯಿತು. ಯಾರ ಕೈ ಅವುಗಳನ್ನು ಎತ್ತಿ ಇಟ್ಟಿತೆಂಬುದನ್ನು ಆ ಕಲ್ಲುಗಳೂ ಹೇಳಲಾರವು.

ಇತ್ತ ಆಕಾಶದ ವ್ಯಾಪಾರವೂ ಬೆಳೆಯಿತು. ಬಗೆಬಗೆಯ ಮೋಡಗಳ ನೆಗೆಟಿವ್‌ಗಳು ಅಂಗಡಿಗಳಲ್ಲಿ ಮಾರಾಟಕ್ಕೆ ಬಂದುವು. ಹೆನ್ರಿ ಪೀಚ್ ರಾಬಿನ್‌ಸನ್ ಎಂಬ ಆಂಗ್ಲನು 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಿತ್ರಗಳನ್ನು ಜೋಡಿಸುವ ಕಲೆಗೆ ಶಾಸ್ತ್ರವನ್ನೇ ಬರೆದನು. ಪೀಟರ್ ಹೆನ್ರಿ ಎಮರ್ಸನ್ 1889ರಲ್ಲಿ ಇನ್ನೊಂದು ಗ್ರಂಥ ಬರೆದು, ಈ ಕೃತ್ರಿಮವೆಲ್ಲ ಸಲ್ಲದು, ಪ್ರಕೃತಿಯನ್ನು ಕಣ್ಣು ಕಂಡಂತೆ ಚಿತ್ರಿಸಿರೆಂದು ಗದರಿಸಿದನು. ಈ ಜಗಳ ಬಹುಕಾಲ ನಡೆಯಿತು. ಅದರ ವಿವರ ಇಲ್ಲಿ ಬೇಡ. ಅಷ್ಟರೊಳಗೆ ಕೊಲೋಡಿಯನ್ನಿನ ದೃಷ್ಟಿದೋಷಕ್ಕೆ ಔಷಧವೂ ದೊರೆತಿತ್ತು. ಫಲಕಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದು ಹಸಿರನ್ನೂ ಕಾಣಬಲ್ಲುದೆಂದು ಹೆರ್ಮನ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ 1873ರಲ್ಲಿ ಕಂಡುಹಿಡಿದನು. ಮುಂದೆ ಹಳದಿ ಗಾಜಿನ ಸಹಾಯದಿಂದ ನೆಲವನ್ನೂ ಮೋಡವನ್ನೂ ಒಂದೇ ನೆಗೆಟಿವ್ವಿನಲ್ಲಿ ಹಿಡಿಯಬಹುದಾಯಿತು. ರಸಾಯನಶಾಸ್ತ್ರದ ನೆಪ ತೀರಿತು. ಆದರೆ ಎರವಲಿನ ರುಚಿ ಹತ್ತಿದವನು ನೆಪ ತೀರಿತೆಂದು ಎರವಲು ಬಿಡುತ್ತಾನೆಯೆ?

ಈ ರುಚಿ ಎಲ್ಲಿಯವರೆಗೆ ಒಯ್ಯಬಲ್ಲುದೆಂಬುದಕ್ಕೆ ಫ್ರ್ಯಾಂಕ್ ಹರ್ಲಿಯ ಪ್ರಸಂಗವೇ ಸಾಕ್ಷಿ. 1885ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಹರ್ಲಿ ಸಾಮಾನ್ಯನಲ್ಲ. ಶ್ಯಾಕಲ್ಟನ್ನನ ದಕ್ಷಿಣಧ್ರುವಯಾತ್ರೆಯಲ್ಲಿ ‘ಎಂಡ್ಯೂರೆನ್ಸ್’ ಹಡಗು ಮಂಜುಗಡ್ಡೆಗೆ ಸಿಕ್ಕಿ ನುಚ್ಚುನೂರಾದಾಗ, ಮುಳುಗುತ್ತಿದ್ದ ಹಡಗಿನ ಹಿಮದಂತಹ ನೀರಿಗಿಳಿದು ತನ್ನ ಗಾಜಿನ ಫಲಕಗಳನ್ನು ಎತ್ತಿ ತಂದವನು. ಎಲ್ಲವನ್ನೂ ಹೊರುವಂತಿರಲಿಲ್ಲ. ಸುಮಾರು 120 ಫಲಕಗಳನ್ನು ಉಳಿಸಿಕೊಂಡು, ಮಿಕ್ಕ ಸುಮಾರು 400ನ್ನು ಮತ್ತೆ ಮನಸ್ಸು ಬದಲಾಗದಿರಲೆಂದು ಅಲ್ಲಿಯೇ ಒಡೆದುಹಾಕಿದನು. ಚಿತ್ರಕ್ಕಾಗಿ ಪ್ರಾಣವನ್ನೇ ಪಣವಾಗಿಡಬಲ್ಲವನ ನಿಷ್ಠೆಯನ್ನು ಶಂಕಿಸುವುದು ಹೇಗೆ? ಆದರೂ 1916ರ ಏಪ್ರಿಲಿನಲ್ಲಿ ಎಲಿಫೆಂಟ್ ದ್ವೀಪದಿಂದ ಚಿಕ್ಕ ದೋಣಿಯೊಂದು ನೆರವು ತರಲು ಹೊರಟಾಗ ಉಳಿದವರು ಬೀಳ್ಕೊಟ್ಟ ಚಿತ್ರವನ್ನೇ ತಿದ್ದಿ, ಆಗಸ್ಟಿನಲ್ಲಿ ರಕ್ಷಣೆಯ ಹಡಗು ಬಂದಾಗಿನ ಚಿತ್ರವೆಂದು ಪ್ರಚಾರಕ್ಕೆ ಬಿಟ್ಟವನೂ ಈ ಹರ್ಲಿಯೇ. ಬೀಳ್ಕೊಡುಗೆಯೇ ಸ್ವಾಗತವಾಯಿತು!

1917ರಲ್ಲಿ ಆಸ್ಟ್ರೇಲಿಯದ ಸೈನ್ಯವು ಆತನನ್ನು ಅಧಿಕೃತ ಛಾಯಾಗ್ರಾಹಕನನ್ನಾಗಿ ಬೆಲ್ಜಿಯಮ್ಮಿನ ರಣರಂಗಕ್ಕೆ ಕಳುಹಿಸಿತು. ಅಲ್ಲಿ ಅವನ ಮೇಲ್ವಿಚಾರಕನಂತಿದ್ದವನು ಚಾರ್ಲ್ಸ್ ಬೀನ್: ಯುದ್ಧದ ವರದಿಗಾರ, ಮುಂದೆ ಅದರ ಅಧಿಕೃತ ಇತಿಹಾಸಕಾರ. ಗಲಿಪೊಲಿಯಲ್ಲಿ ಸೈನಿಕರೊಡನೆಯೇ ದಡಕ್ಕಿಳಿದು, ಗಾಯಗೊಂಡೂ ರಣರಂಗವನ್ನು ಬಿಡದಿದ್ದ ಸತ್ಯನಿಷ್ಠ. ಇಬ್ಬರೂ ಧೈರ್ಯಶಾಲಿಗಳು, ಇಬ್ಬರೂ ಪ್ರಾಮಾಣಿಕರೆಂದೇ ಹೇಳಬಹುದು. ಇಬ್ಬರಿಗೂ ಆಗಿಬರಲಿಲ್ಲ.

ಹರ್ಲಿಯ ಅಹವಾಲು ಇಷ್ಟು: ಯುದ್ಧವನ್ನು ಒಂದೇ ನೆಗೆಟಿವ್ವಿನಲ್ಲಿ ಹಿಡಿಯುವುದು ಅಸಾಧ್ಯ. ಸೈನಿಕರು ಕಂದಕದಿಂದ ಮೇಲೆದ್ದಾಗ ಸಿಡಿಗುಂಡು ಸಿಡಿಯುವುದಿಲ್ಲ. ಅದು ಸಿಡಿದಾಗ ವಿಮಾನವು ಆಚೆ ಹೋಗಿರುತ್ತದೆ. ಎಲ್ಲವೂ ಒಟ್ಟಿಗೆ ನಡೆಯುವ ಗಳಿಗೆಯಲ್ಲಿ ಹೊಗೆ ಕವಿದು ಏನೂ ಕಾಣುವುದಿಲ್ಲ. ಪ್ರಾಣದ ಹಂಗು ತೊರೆದು ತೆಗೆದ ಚಿತ್ರದಲ್ಲಿ ಕಡೆಗೆ ಮೂಡುವುದು ಖಾಲಿ ಬಯಲು, ಅಲ್ಲೊಂದು ಇಲ್ಲೊಂದು ಚುಕ್ಕೆ. ಅದನ್ನು ನೋಡಿದ ಊರಿನ ಜನ ಯುದ್ಧವೆಂದರೆ ಇಷ್ಟೇಯೇ ಎಂದುಕೊಂಡಾರು. ಆದುದರಿಂದ ಹಲವು ನೆಗೆಟಿವ್‌ಗಳನ್ನು ಜೋಡಿಸಿ ತೋರಿಸುವುದೇ ನಿಜಕ್ಕೆ ಹತ್ತಿರ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬೀನನು ಮಾತ್ರ ತಳ್ಳಿಹಾಕಿದನು. ಅವನ ದೃಷ್ಟಿಯಲ್ಲಿ ರಣರಂಗದ ಛಾಯಾಚಿತ್ರವು ಮುಂದಿನ ಪೀಳಿಗೆಗಳಿಗೆ ಸಲ್ಲಬೇಕಾದ ಪವಿತ್ರ ದಾಖಲೆ; ಅದರಲ್ಲಿ ಒಂದು ಕಣವನ್ನು ಸೇರಿಸಿದರೂ ಅದು ನಕಲಿ. ಹರ್ಲಿ ರಾಜೀನಾಮೆ ಕೊಡುವೆನೆಂದು ಹಟ ಹಿಡಿದನು. ಕಡೆಗೆ ಪ್ರದರ್ಶನಕ್ಕೆಂದು ಆರು ಜೋಡುಚಿತ್ರಗಳನ್ನು ಮಾಡಬಹುದು, ಆದರೆ ಅವು ಜೋಡುಚಿತ್ರಗಳೆಂದು ಬರೆದು ತೋರಿಸಬೇಕು ಎಂಬ ಒಪ್ಪಂದವಾಯಿತು. 1918ರ ಮೇ ತಿಂಗಳಿನಲ್ಲಿ ಲಂಡನ್ನಿನಲ್ಲಿ ಆ ಪ್ರದರ್ಶನ ನಡೆಯಿತು. 12 ನೆಗೆಟಿವ್‌ಗಳಿಂದ ಕಟ್ಟಿದ ಒಂದು ಚಿತ್ರದ ಅಗಲವೇ 20 ಅಡಿಗೂ ಹೆಚ್ಚು: ಕಂದಕದಿಂದ ಏಳುವ ಸೈನಿಕರು, ಸಿಡಿಯುವ ಗುಂಡುಗಳು, ಮೇಲೆ ವಿಮಾನಗಳು. ಮುನ್ನೆಲೆಯಲ್ಲಿದ್ದ ಸೈನಿಕರು ಕದನದಲ್ಲಿದ್ದವರಲ್ಲ, ಕವಾಯತಿನಲ್ಲಿದ್ದವರು. ಜನ ಮುಗಿಬಿದ್ದು ನೋಡಿದರು.

ಆದರೆ ಈ ದೈತ್ಯ ಚಿತ್ರಕ್ಕಿಂತ ಹೆಚ್ಚಾಗಿ ಮನಸ್ಸನ್ನು ಕಲಕುವುದು ಇನ್ನೊಂದು ಚಿಕ್ಕ ಚಿತ್ರ. ಪ್ಯಾಶೆಂಡೇಲ್ ಕದನದ ಸಮಯದ್ದು. 1917ರ ಅಕ್ಟೋಬರ್ 12 ಎಂಬ ದಿನಾಂಕ ಅದರ ಮೇಲಿದೆ. ಜೊನ್ನೆಬೆಕೆ ರೈಲುನಿಲ್ದಾಣವಿದ್ದ ಜಾಗದ ಬಳಿ ಒಂದು ಕಾಂಕ್ರೀಟಿನ ಕಾವಲುಕೋಣೆ, ಅದರ ಸುತ್ತ ಕೆಸರಿನಲ್ಲಿ ಮಲಗಿರುವ, ಒರಗಿರುವ ಗಾಯಾಳುಗಳು. ಮೂಲ ನೆಗೆಟಿವ್ವಿನಲ್ಲಿ ಮೇಲಿರುವುದು ಬೂದಿಬಣ್ಣದ ಖಾಲಿ ಬಾನು. ಫ್ಲಾಂಡರ್ಸಿನ ಮಳೆಗಾಲದಲ್ಲಿ ಇರಬೇಕಾದಂತೆಯೇ ಇದೆ. ಹರ್ಲಿ ಸಿದ್ಧಪಡಿಸಿದ ಇನ್ನೊಂದು ಪ್ರತಿಯಲ್ಲಿ ಅದೇ ಗಾಯಾಳುಗಳ ಮೇಲೆ ಬೇರೆಯ ಬಾನಿದೆ: ರಾಶಿರಾಶಿ ಮೋಡಗಳು, ಅವುಗಳನ್ನು ಸೀಳಿಕೊಂಡು ಸ್ವರ್ಗದ ಬಾಗಿಲು ತೆರೆದಂತೆ ಇಳಿಯುವ ಕಿರಣಗಳು. ಕೆಳಗೆ ಒಬ್ಬನೂ ಕದಲಿಲ್ಲ, ಒಂದು ಕಲ್ಲೂ ಜರುಗಿಲ್ಲ. ಆದರೂ ಎಲ್ಲವೂ ಬದಲಾಗಿಬಿಟ್ಟಿದೆ. ಮೊದಲನೆಯದರಲ್ಲಿ ಗಾಯಾಳುಗಳು ಮಳೆಯಲ್ಲಿ ಬಿದ್ದಿದ್ದಾರೆ. ಎರಡನೆಯದರಲ್ಲಿ ಅವರು ಯಾವುದೋ ಮಹೋದ್ದೇಶಕ್ಕಾಗಿ ಬಿದ್ದಿದ್ದಾರೆ. ಆ ಶರತ್ಕಾಲದ ಕದನಗಳಲ್ಲಿ ಆಸ್ಟ್ರೇಲಿಯದ ಸುಮಾರು 38,000 ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ಮಗನನ್ನು ಕಳೆದುಕೊಂಡ ತಾಯಿಗೆ ಎರಡನೆಯ ಚಿತ್ರದಿಂದ ಸಮಾಧಾನವಾಗುತ್ತಿತ್ತೇನೋ. ಬದುಕಿ ಹಿಂದಿರುಗಿದವನಿಗೆ ಅದನ್ನು ಕಂಡರೆ ಏನೆನಿಸುತ್ತಿತ್ತೆಂಬುದು ಬೇರೆ ಪ್ರಶ್ನೆ. ಬೀನನ ಮೊಂಡುತನವು ಇಲ್ಲಿ ಅರ್ಥವಾಗುತ್ತದೆ. 20 ಅಡಿಯ ಚಿತ್ರದಲ್ಲಿ ಹರ್ಲಿ ಯುದ್ಧವನ್ನು ದೊಡ್ಡದು ಮಾಡಿದನಷ್ಟೆ. ಈ ಚಿಕ್ಕ ಚಿತ್ರದಲ್ಲಿ, ಒಂದು ಹಿಡಿ ಮೋಡದಿಂದ, ಆತನು ಸಾವಿಗೆ ಅರ್ಥವನ್ನೇ ಬರೆದುಬಿಟ್ಟನು.

ಬೀನನು ಕನಸು ಕಂಡ ಯುದ್ಧಸ್ಮಾರಕವು ಕ್ಯಾನ್ಬೆರಾ ನಗರದಲ್ಲಿ 1941ರ ನವೆಂಬರಿನಲ್ಲಿ ಬಾಗಿಲು ತೆರೆಯಿತು. ಹರ್ಲಿ 1962ರಲ್ಲಿ ತೀರಿಕೊಂಡನು. ಅವನ ನೆಗೆಟಿವ್‌ಗಳೂ ಜೋಡುಚಿತ್ರಗಳೂ ಇಂದು ಆಸ್ಟ್ರೇಲಿಯದ ಗ್ರಂಥಾಲಯಗಳಲ್ಲಿ ಜೋಪಾನವಾಗಿವೆ.

ಇತ್ತೀಚಿನ ಸಂಗತಿಗಳನ್ನು ಬೇಗನೆ ಹೇಳಿಬಿಡಬಹುದು. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು 1982ರ ಫೆಬ್ರವರಿ ಸಂಚಿಕೆಯಲ್ಲಿ, ಅಡ್ಡಚಿತ್ರವೊಂದನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲು, ಈಜಿಪ್ಟಿನ ಪಿರಮಿಡ್ಡುಗಳನ್ನೇ ಗಣಕಯಂತ್ರದಿಂದ ಹತ್ತಿರ ಹತ್ತಿರಕ್ಕೆ ಸರಿಸಿ ದೊಡ್ಡ ಅಪಕೀರ್ತಿಗೆ ಗುರಿಯಾಯಿತು. ಸಾವಿರಾರು ವರ್ಷ ಕದಲದಿದ್ದ ಕಲ್ಲುಗಳು! 2020ರಲ್ಲಿ ಫೋಟೋಶಾಪ್ ಎಂಬ ತಂತ್ರಾಂಶವು ಆಕಾಶ ಬದಲಾಯಿಸುವ ಸೌಲಭ್ಯವನ್ನು ಒಂದು ಆಜ್ಞೆಗೆ ಇಳಿಸಿತು. ಬೇಕಾದ ಬಾನನ್ನು ಆರಿಸಿದರೆ ಸಾಕು. ಕೊಂಬೆಗಳ ಸಂದಿಯನ್ನೂ ಅದೇ ಹುಡುಕಿಕೊಳ್ಳುತ್ತದೆ, ಕೆಳಗಿನ ನೆಲಕ್ಕೆ ಹೊಸ ಬಾನಿನ ಬಣ್ಣವನ್ನೂ ಅದೇ ಸವರುತ್ತದೆ. ಲ ಗ್ರೇ ಒಂದು ಹಗಲೆಲ್ಲ ಬಿಸಿಲಿನಲ್ಲಿ ನಿಂತು ಮಾಡುತ್ತಿದ್ದ ಕೆಲಸವು ಈಗ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಪತ್ರಿಕಾ ಛಾಯಾಚಿತ್ರಗಳ ದೊಡ್ಡ ಸ್ಪರ್ಧೆಗಳಲ್ಲಿ ತೀರ್ಪುಗಾರರು ಈಗ ಕ್ಯಾಮರಾದಿಂದ ಬಂದ ಮೂಲಪ್ರತಿಯನ್ನೂ ತರಿಸಿಕೊಂಡು ಹೋಲಿಸಿ ನೋಡುತ್ತಾರೆ.

ಹಾಗಾದರೆ ಚಿತ್ರವನ್ನು ತಿದ್ದಲೇಬಾರದೆ? ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸನಷ್ಟು ಚಿತ್ರವನ್ನು ತಿದ್ದಿದವರು ವಿರಳ. 1944ರಲ್ಲಿ ಲೋನ್ ಪೈನ್ ಎಂಬ ಊರಿನ ಬಳಿ ಆತನು ತೆಗೆದ ಸೂರ್ಯೋದಯದ ಚಿತ್ರದಲ್ಲಿ, ಶಾಲೆಯ ಹುಡುಗರು ಬೆಟ್ಟದ ಇಳಿಜಾರಿನ ಮೇಲೆ ಬಿಳಿಗಲ್ಲುಗಳಿಂದ ಬರೆದಿದ್ದ ಊರಿನ ಮೊದಲಕ್ಷರಗಳು ಮೂಡಿದ್ದುವು. ಆ್ಯಡಮ್ಸ್ ಅವನ್ನು ಕಾಣದಂತೆ ಅಳಿಸಿದನು. ನ್ಯೂ ಮೆಕ್ಸಿಕೊದ ಹರ್ನ್ಯಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರನು ಉದಯಿಸಿದ ಅವನ ಚಿತ್ರವಂತೂ ಜಗತ್ಪ್ರಸಿದ್ಧ. ಅದನ್ನು ತೆಗೆಯುವಾಗ ಬೆಳಕನ್ನಳೆಯುವ ಮಾಪಕವು ಕೈಗೆ ಸಿಗಲಿಲ್ಲ. ಸಮಾಧಿಗಳ ಮೇಲಿನ ಬಿಳಿ ಶಿಲುಬೆಗಳ ಮೇಲೆ ಕಡೆಯ ಬಿಸಿಲು ಮಾಸುತ್ತಿತ್ತು. ಚಂದ್ರನ ಹೊಳಪು ಎಷ್ಟೆಂಬುದು ಬಾಯಿಪಾಠವಿದ್ದುದರಿಂದ ಅದರಿಂದಲೇ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದನು. ಎರಡನೆಯದಕ್ಕೆ ಸಿದ್ಧನಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಆಮೇಲೆ ನಾಲ್ಕು ದಶಕಗಳ ಕಾಲ ಆ ಒಂದೇ ನೆಗೆಟಿವ್ವಿನಿಂದ ಸಾವಿರಕ್ಕೂ ಮಿಕ್ಕಿ ಪ್ರತಿಗಳನ್ನು ಮುದ್ರಿಸಿದನು. 1948ರಲ್ಲಿ ಮುನ್ನೆಲೆಯ ಭಾಗವು ತೆಳುವಾಯಿತೆಂದು ನೆಗೆಟಿವ್ವಿಗೇ ರಾಸಾಯನಿಕ ಚಿಕಿತ್ಸೆ ಮಾಡಿ ಅದನ್ನು ಗಟ್ಟಿಗೊಳಿಸಿದನು. ಮೊದಲ ಪ್ರತಿಗಳಲ್ಲಿ ಬಾನು ಬೂದುಬಣ್ಣದ್ದಾಗಿ, ಅಲ್ಲಲ್ಲಿ ಮೋಡದ ಎಳೆಗಳಿಂದ ಕೂಡಿತ್ತು. ವರ್ಷ ಕಳೆದಂತೆ ಅದನ್ನು ಕಪ್ಪಾಗಿಸುತ್ತ ಹೋಗಿ ಕಡೆಕಡೆಗೆ ನಡುರಾತ್ರಿಯನ್ನೇ ಮಾಡಿಬಿಟ್ಟನು. ಆದರೆ ಬೇರೆಯ ಬಾನನ್ನು ತಂದು ಹಚ್ಚಲಿಲ್ಲ.

ಇಷ್ಟೆಲ್ಲ ನೆನಪಿಟ್ಟವನು ದಿನಾಂಕವನ್ನು ಮಾತ್ರ ಬರೆದಿಡಲಿಲ್ಲ! ಒಮ್ಮೆ 1940 ಎಂದನು, ಒಮ್ಮೆ 1944 ಎಂದನು. ವಸ್ತುಸಂಗ್ರಹಾಲಯಗಳಿಗೆ ಇದೊಂದು ತಲೆನೋವಾಯಿತು. ಕಡೆಗೆ ಡೇವಿಡ್ ಎಲ್ಮೋರ್ ಎಂಬ ವಿಜ್ಞಾನಿಯು ಚಿತ್ರದಲ್ಲಿರುವ ಚಂದ್ರನ ಸ್ಥಾನವನ್ನು ಅಳೆದು, ಅದು 1941ರ ಅಕ್ಟೋಬರ್ 31ರ ಸಂಜೆ ನಾಲ್ಕರ ಸುಮಾರಿನದೆಂದು ಗಣಿತ ಮಾಡಿ ತಿಳಿಸಿದನು. ಆ್ಯಡಮ್ಸ್ ಸಂತೋಷದಿಂದ ಅದನ್ನು 1983ರ ತನ್ನ ಗ್ರಂಥದಲ್ಲಿ ಸೇರಿಸಿಕೊಂಡು, ಮರುವರ್ಷ ತೀರಿಕೊಂಡನು. ಆದರೆ ಡೆನಿಸ್ ಡಿ ಚಿಕೊ ಎಂಬ ಖಗೋಳಾಸಕ್ತನಿಗೆ ಆ ಲೆಕ್ಕದಲ್ಲಿ ಏನೋ ಕೊರತೆ ಕಂಡಿತು. ಆತನು ಹರ್ನ್ಯಾಂಡೆಸ್ಸಿಗೆ ಹೋಗಿ, ಕ್ಯಾಮರಾ ನಿಂತಿದ್ದ ಜಾಗವನ್ನು ಹೆಚ್ಚು ನಿಖರವಾಗಿ ಗುರುತಿಸಿ, ಲೆಕ್ಕವನ್ನು ಮೊದಲಿನಿಂದ ಹಾಕಿದನು. 1991ರಲ್ಲಿ ಆತನು ಪ್ರಕಟಿಸಿದ ಉತ್ತರ: 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ 20 ಸೆಕೆಂಡು.